ರೇಡಿಯೇಷನ್ ನಡುವೆ ಭೇದಿ: ಲೋಪರಮೈಡ್ ಜೊತೆ ಕುಟಜಾರಿಷ್ಟ, ಬಿಲ್ವ ಕೊಡಬಹುದಾ?

ಉಪಕೇಂದ್ರ_ತುಮಕೂರು ಕೇಳಿದ್ದು:

ಸಮುದಾಯ ಆರೋಗ್ಯ ಅಧಿಕಾರಿಯಾಗಿ ಕೇಳ್ತಿದೀನಿ. ಗರ್ಭಕಂಠದ ಕ್ಯಾನ್ಸರ್ ಇರುವ, ಐವತ್ತು ದಾಟಿದ ಮಹಿಳೆ. ಬೆಂಗಳೂರಿನಲ್ಲಿ ವಾರಕ್ಕೆ ಐದು ದಿನ ರೇಡಿಯೇಷನ್, ಒಟ್ಟು 25 ಸಿಟ್ಟಿಂಗ್, ಅದರಲ್ಲಿ 14 ಮುಗಿದಿವೆ. ಜೊತೆಗೆ ವಾರಕ್ಕೊಂದು ಸಿಸ್‌ಪ್ಲಾಟಿನ್ ಅನ್ನೋ ಕೀಮೋ ಮದ್ದು. ಆಮೇಲೆ ಒಳಗಿಂದ ಕೊಡುವ ಬ್ರೇಕಿಥೆರಪಿ ಬಾಕಿ ಇದೆ. ಶನಿವಾರ, ಭಾನುವಾರ ಊರಿಗೆ ಬರ್ತಾರೆ.

ಮೂರನೇ ವಾರದಿಂದ ಭೇದಿ. ಮೊದಲು ದಿನಕ್ಕೆ ಒಂದು ಸಲ ಹೋಗ್ತಿದ್ದವರು ಈಗ ಆರು ಸಲ ಹೋಗ್ತಾರೆ, ನೀರು ನೀರಾಗಿ. ಜ್ವರ ಇಲ್ಲ, ರಕ್ತ ಇಲ್ಲ, ಸ್ವಲ್ಪ ಲೋಳೆ ಇದೆ. ಆಸ್ಪತ್ರೆಯವರು ಭೇದಿ ನಿಲ್ಲಿಸೋಕೆ ಲೋಪರಮೈಡ್ 2 ಮಿಲಿಗ್ರಾಂ ಸ್ಟ್ರಿಪ್ ಕೊಟ್ಟಿದ್ದಾರೆ. ಆದರೆ "ಇಂಗ್ಲಿಷ್ ಮಾತ್ರೆ ಹೀಟು, ಹೊಟ್ಟೆ ಕಟ್ಟಿಬಿಡುತ್ತೆ" ಅಂತ ದಿನಕ್ಕೆ ಒಂದೇ ತಗೊಳ್ತಿದ್ದಾರೆ. ಅದರ ಬದಲು ಕುಟಜಾರಿಷ್ಟ (ಆಯುರ್ವೇದದ ಹುದುಗಿಸಿದ ದ್ರವ ಮದ್ದು) ದಿನಕ್ಕೆರಡು ಸಲ, ಬಿಲ್ವದ ಪುಡಿ, ಜೀರಿಗೆ ನೀರು ನಡೀತಿದೆ. ಹಳೆಯ ಮಲಬದ್ಧತೆಗೆ ಅಂತ ರಾತ್ರಿ ತ್ರಿಫಲಾ ಚೂರ್ಣವೂ ಇದೆಯಂತೆ, ಅದನ್ನು ಯಾರೂ ನಿಲ್ಲಿಸಿಲ್ಲ.

ನನ್ನ ಪ್ರಶ್ನೆ: ಇದರಲ್ಲಿ ಯಾವುದು ಕೆಲಸ ಮಾಡುತ್ತೆ, ಯಾವುದು ಬೇಡ? ಎರಡೂ ಒಟ್ಟಿಗೆ ನಡೆಯಬಹುದಾ? ಭಾನುವಾರ ಪರಿಸ್ಥಿತಿ ಕೆಟ್ಟರೆ ಸೋಮವಾರದವರೆಗೆ ಕಾಯಬಹುದಾ, ಅಥವಾ ಆವತ್ತೇ ಕಳಿಸಬೇಕಾ?


ಕಿರಣಶಾಲೆ (ರೇಡಿಯೇಷನ್ ಆಂಕಾಲಜಿ) ಉತ್ತರ:

ಮೇಡಂ, ಇದು ಕೆಟ್ಟ ಊಟ, ಕೆಟ್ಟ ನೀರಿನಿಂದ ಬಂದ ಭೇದಿ ಅಲ್ಲ. ಅದೊಂದು ತಲೆಯಲ್ಲಿದ್ದರೆ ಉಳಿದ ಅರ್ಧ ಪ್ರಶ್ನೆ ತಾನೇ ಬಗೆಹರಿಯುತ್ತೆ. ಸಣ್ಣ ಕರುಳಿನ ಒಳಪದರದ ಕೋಶಗಳು ಐದಾರು ದಿನಕ್ಕೊಮ್ಮೆ ಉದುರಿ ಹೊಸದಾಗಿ ಹುಟ್ಟಬೇಕು. ವಿಕಿರಣ ಹೊಡೆಯೋದು ಹೊಸದನ್ನು ಹುಟ್ಟಿಸುವ ಬುಡದ ಕೋಶಗಳಿಗೆ. ಮೊದಲ ವಾರ ಏನೂ ಗೊತ್ತಾಗಲ್ಲ, ಎರಡು ಮೂರನೇ ವಾರಕ್ಕೆ ಪದರ ತೆಳುವಾಗುತ್ತೆ, ನಾಲ್ಕು ಐದನೇ ವಾರದಲ್ಲಿ ತುತ್ತತುದಿಗೆ ಹೋಗುತ್ತೆ, ಚಿಕಿತ್ಸೆ ಮುಗಿದ ಎರಡರಿಂದ ಆರು ವಾರದಲ್ಲಿ ಹೆಚ್ಚಿನವರಿಗೆ ಇಳಿಯುತ್ತೆ. ಪದರ ತೆಳುವಾದಾಗ ಹಾಲಿನ ಸಕ್ಕರೆ ಜೀರ್ಣಿಸುವ ಕಿಣ್ವ ಕಡಿಮೆಯಾಗುತ್ತೆ. ಸಣ್ಣ ಕರುಳಿನ ಕೊನೆಯ ತುದಿ ಪಿತ್ತದ ಆಮ್ಲಗಳನ್ನು ವಾಪಸ್ ಹೀರದೆ ದೊಡ್ಡ ಕರುಳಿಗೆ ಬಿಡುತ್ತೆ, ಅದು ಅಲ್ಲಿ ನೀರು ಸುರಿಸುತ್ತೆ. ಕರುಳು ಮುಂದಕ್ಕೆ ತಳ್ಳುವ ವೇಗವೂ ಹೆಚ್ಚುತ್ತೆ. ಈ ಮೂರರಲ್ಲಿ ಎಲ್ಲೂ ಕ್ರಿಮಿ ಇಲ್ಲ. ಹಾಗಾಗಿ ಕ್ರಿಮಿ ಕೊಲ್ಲುವ ಮದ್ದು, ಅದು ಇಂಗ್ಲಿಷ್ ಆಗಲಿ ಗಿಡಮೂಲಿಕೆ ಆಗಲಿ, ಮೂಲಕ್ಕೆ ಮುಟ್ಟಲ್ಲ.

ಭೇದಿ ಎಷ್ಟು ಜೋರು ಅನ್ನೋ ದರ್ಜೆ ಲೆಕ್ಕ ಹಾಕೋದು ಒಟ್ಟು ಎಷ್ಟು ಸಲ ಅಂತ ಅಲ್ಲ, ಮೊದಲಿಗಿಂತ ಎಷ್ಟು ಹೆಚ್ಚಾಯ್ತು ಅಂತ. ನಾಲ್ಕಕ್ಕಿಂತ ಕಡಿಮೆ ಹೆಚ್ಚಿದ್ದರೆ ಒಂದನೇ ದರ್ಜೆ, ನಾಲ್ಕರಿಂದ ಆರು ಹೆಚ್ಚಿದ್ದರೆ ಎರಡು, ಏಳು ಅಥವಾ ಅದಕ್ಕೂ ಹೆಚ್ಚಿದ್ದರೆ, ಇಲ್ಲವೇ ತಡೆಯಲಾಗದೆ ಬಟ್ಟೆಯಲ್ಲೇ ಆಗ್ತಿದ್ದರೆ ಮೂರು. ಇವರಿಗೆ ಐದು ಹೆಚ್ಚಿದೆ, ಅಂದರೆ ಎರಡನೇ ದರ್ಜೆ. ದಿನಕ್ಕೊಂದು ಲೋಪರಮೈಡ್‌ಗೆ ಇದು ಬಗ್ಗಲ್ಲ. ಲೋಪರಮೈಡ್ ಫೇಲ್ ಆಗಿದೆ ಅಂತ ಬರೆಯುವ ಮೊದಲು ಅದನ್ನು ಸರಿಯಾಗಿ ಕೊಟ್ಟಿದ್ದೀವಾ ನೋಡಬೇಕು. ಮೊದಲು ಒಟ್ಟಿಗೆ ಎರಡು ಮಾತ್ರೆ, ಅಂದರೆ 4 ಮಿಲಿಗ್ರಾಂ. ಆಮೇಲೆ ಪ್ರತಿ ಸಲ ನೀರಾಗಿ ಹೋದಾಗ ಒಂದೊಂದು. 24 ಗಂಟೆಯಲ್ಲಿ ಎಂಟು ಮಾತ್ರೆ, 16 ಮಿಲಿಗ್ರಾಂ ಮೀರಬಾರದು. ಹೋಗುವ ಹೊತ್ತು ಒಂದು ಕ್ರಮಕ್ಕೆ ಬಂದಿದ್ದರೆ ಊಟಕ್ಕೆ ಅರ್ಧ ಗಂಟೆ ಮುಂಚೆ ಕೊಡೋದು ಇನ್ನೂ ಚೆನ್ನಾಗಿ ಹಿಡಿಯುತ್ತೆ. ಹನ್ನೆರಡು ಗಂಟೆ ಭೇದಿ ಇಲ್ಲದಿದ್ದರೆ ನಿಲ್ಲಿಸಿ. ಒಂದು ದಿನ ಹೋಗದೇ ಇದ್ದರೆ ಅದು ಹೊಟ್ಟೆ ಕಟ್ಟಿದ್ದಲ್ಲ, ಮನೆಯವರಿಗೆ ಇದನ್ನು ಬಿಡಿಸಿ ಹೇಳಿ. ಹೊಟ್ಟೆ ಉಬ್ಬಿ, ಗ್ಯಾಸೂ ಹೋಗದೆ, ವಾಂತಿ ಬಂದರೆ ಮಾತ್ರ ಅದು ಕಟ್ಟಿದ್ದು. ಆಗ ಮಾತ್ರೆ ನಿಲ್ಲಿಸಿ ಕೂಡಲೇ ಬರಬೇಕು.

ಇನ್ನೊಂದು ಗೊಂದಲ ಇಲ್ಲೇ ಬಿಡಿಸಿಬಿಡ್ತೀನಿ. ಆರು ಸಲದಲ್ಲಿ ಎಷ್ಟು ಸಲ ನಿಜಕ್ಕೂ ನೀರು ಹೋಗುತ್ತೆ, ಎಷ್ಟು ಸಲ ಅವಸರವಾಗಿ ಹೋಗಿ ಒಂದು ಚಮಚ ಲೋಳೆ ಮಾತ್ರ ಬರುತ್ತೆ ಅಂತ ಕೇಳಿ. ಎರಡನೆಯದು ಗುದನಾಳದ ಉರಿ, ಭೇದಿ ಅಲ್ಲ. ಅದಕ್ಕೆ ಲೋಪರಮೈಡ್ ಸುರಿದರೆ ಮೇಲೆ ಮಲ ಗಟ್ಟಿಯಾಗಿ, ಕೆಳಗೆ ಉರಿ ಹಾಗೇ ಉಳಿಯುತ್ತೆ.

ಭಾನುವಾರದ ಪ್ರಶ್ನೆಗೆ: 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ, ಮಲದಲ್ಲಿ ರಕ್ತ, ಎಂಟು ಗಂಟೆ ಮೂತ್ರ ಇಲ್ಲ, ನಿಂತರೆ ತಲೆ ಸುತ್ತು, ಕುಡಿದ ಓಆರ್‌ಎಸ್ ಕೂಡ ವಾಂತಿ, ಏಳು ಸಲಕ್ಕಿಂತ ಹೆಚ್ಚು, ಅಥವಾ ಲೋಪರಮೈಡ್ ಸರಿಯಾಗಿ ಕೊಟ್ಟೂ 24 ಗಂಟೆಯಲ್ಲಿ ಇಳಿಯದಿದ್ದರೆ ಸೋಮವಾರಕ್ಕೆ ಕಾಯಬೇಡಿ. ಸಿಸ್‌ಪ್ಲಾಟಿನ್ ತಗೊಳ್ಳುವವರಲ್ಲಿ ಜ್ವರದ ಜೊತೆ ಭೇದಿ ಅಂದರೆ ಬಿಳಿ ರಕ್ತಕಣ ಕುಸಿದಿರಬಹುದು, ಆಗ ಗಂಟೆಗಳ ಲೆಕ್ಕ ಬರುತ್ತೆ. ಜ್ವರ ಅಥವಾ ರಕ್ತ ಇದ್ದಾಗ ಮಲ ಪರೀಕ್ಷೆ ಆಗುವವರೆಗೆ ಲೋಪರಮೈಡ್ ಕೊಡಬೇಡಿ.

ಇಷ್ಟು ಗಡಿಬಿಡಿ ಯಾಕೆ ಅಂದರೆ, ಗರ್ಭಕಂಠದ ಕ್ಯಾನ್ಸರ್‌ನಲ್ಲಿ ಹೊರಗಿನ ರೇಡಿಯೇಷನ್, ಬ್ರೇಕಿಥೆರಪಿ ಎರಡೂ ಸೇರಿ ಎಂಟು ವಾರದೊಳಗೆ ಮುಗಿಯಬೇಕು. ಅದರಾಚೆ ಎಳೆದ ಒಂದೊಂದು ದಿನಕ್ಕೂ ರೋಗ ಹತೋಟಿಗೆ ಬರುವ ಸಾಧ್ಯತೆ ಶೇಕಡಾ ಅರ್ಧದಿಂದ ಒಂದರಷ್ಟು ಇಳಿಯುತ್ತೆ ಅನ್ನೋದು ಹಳೆಯ, ಚೆನ್ನಾಗಿ ನಿಂತಿರುವ ಲೆಕ್ಕ. ಭೇದಿಗೆ ಹೆದರಿ ಒಂದು ವಾರ ಊರಲ್ಲೇ ಉಳಿದರೆ ನಷ್ಟ ಆಗೋದು ಅಲ್ಲಿ.


ವೈದ್ಯಶಾಲೆ_ಶಿವಮೊಗ್ಗ (ಬಿಎಎಂಎಸ್, ಎಂಡಿ) ಉತ್ತರ:

ಮೇಲಿನವರು ಹೇಳಿದ ಲೋಪರಮೈಡ್ ಪ್ರಮಾಣ, ಅಪಾಯದ ಚಿಹ್ನೆ ಎರಡಕ್ಕೂ ನನ್ನ ತಕರಾರಿಲ್ಲ. ಗಿಡಮೂಲಿಕೆ ಭಾಗ ನಾನು ನೋಡ್ತೀನಿ, ಯಾಕೆಂದರೆ ಇಲ್ಲಿ "ಆಯುರ್ವೇದ" ಅನ್ನುವ ಒಂದೇ ಚೀಟಿ ಅಂಟಿಸಿ ನಾಲ್ಕು ಬೇರೆ ಬೇರೆ ವಸ್ತು ಇಟ್ಟಿದ್ದಾರೆ.

ತ್ರಿಫಲಾ ಇವತ್ತೇ ನಿಲ್ಲಿಸಿ. ಅದು ಅನುಲೋಮನ, ಅಂದರೆ ಮಲ ಸಲೀಸಾಗಿ ಕೆಳಗಿಳಿಸುವ ಮದ್ದು. ಭೇದಿಗೆ ಮದ್ದು ಕೊಟ್ಟು ರಾತ್ರಿ ತ್ರಿಫಲಾ ಕೊಟ್ಟರೆ ಯಾವ ಪದ್ಧತಿಗೂ ಅರ್ಥವಿಲ್ಲ. ಇದರ ಸಾಲಿಗೇ ಸೇರಿದ್ದು ಲೋಳೆಸರದ ರಸ. ಎಲೆಯ ಸಿಪ್ಪೆಯ ಕೆಳಗಿನ ಹಳದಿ ಹಾಲಿನಲ್ಲಿ ಭೇದಿ ಮಾಡಿಸುವ ಅಂಶವಿದೆ, ಮನೆಯಲ್ಲಿ ಕೊಯ್ದಾಗ ಅದು ತಿರುಳಿಗೆ ಸೇರದೇ ಇರೋದು ಕಷ್ಟ. "ಹೊಟ್ಟೆ ತೊಳೆದರೆ ಸರಿಹೋಗುತ್ತೆ" ಅಂತ ಹರಳೆಣ್ಣೆ ಕುಡಿಸುವವರೂ ಇದ್ದಾರೆ. ಬೇಡವೇ ಬೇಡ.

ಬಿಲ್ವ. ಎಳೆಯ ಕಾಯಿ ಗ್ರಾಹಿ, ಮಲ ಕಟ್ಟುತ್ತೆ. ಅದರಲ್ಲಿರುವ ಒಗರು, ಅಂದರೆ ಟ್ಯಾನಿನ್, ಆ ಕೆಲಸ ಮಾಡುತ್ತೆ. ಹಣ್ಣಾದ ಬಿಲ್ವ ತದ್ವಿರುದ್ಧ, ಸಡಿಲ ಮಾಡುತ್ತೆ. ಹಳ್ಳಿಗಳಲ್ಲಿ ಹಣ್ಣಿನ ಪಾನಕ ಮಾಡಿಕೊಟ್ಟು ಭೇದಿ ಹೆಚ್ಚಾಯ್ತು ಅನ್ನೋದು ಇದಕ್ಕೇ. ಇನ್ನೂ ಒಂದು ಎಡವಟ್ಟು ಉಂಟು: ಬೇಲದ ಹಣ್ಣು ಬೇರೆ ಮರ, ಬಿಲ್ವ ಬೇರೆ ಮರ. ಸಂತೆಯಲ್ಲಿ ಒಂದರ ಪುಡಿ ಇನ್ನೊಂದರ ಹೆಸರಲ್ಲಿ ಸಿಗುತ್ತೆ. ಎಳೆಕಾಯಿಯ ಪುಡಿ ಅಂತ ಖಾತ್ರಿ ಇದ್ದರೆ 3 ಗ್ರಾಂ ದಿನಕ್ಕೆರಡು ಸಲ, ಬಿಸಿನೀರಿನಲ್ಲಿ, ಬೇರೆ ಮಾತ್ರೆಗಳಿಂದ ಎರಡು ಗಂಟೆ ದೂರ. ರಕ್ತಹೀನತೆಗೆ ಕಬ್ಬಿಣದ ಮಾತ್ರೆ ನಡೀತಿದ್ದರೆ ಈ ಅಂತರ ಇನ್ನೂ ಮುಖ್ಯ, ಒಗರು ಕಬ್ಬಿಣವನ್ನು ಕರುಳಿನಲ್ಲೇ ಹಿಡಿದಿಟ್ಟುಬಿಡುತ್ತೆ. ದಾಳಿಂಬೆ ಸಿಪ್ಪೆಯ ಕಷಾಯಕ್ಕೂ ಇದೇ ಮಾತು.

ಕುಟಜ, ನಮ್ಮ ಕಡೆ ಕೊಡಸಿಗೆ. ತೊಗಟೆಯ ಕಹಿ ಅಂಶಗಳು ಮುಖ್ಯವಾಗಿ ಆಮಶಂಕೆಗೆ, ಅಮೀಬಾಕ್ಕೆ. ಅಲ್ಲಿ ಅದಕ್ಕೆ ಹಳೆಯ ಹೆಸರಿದೆ. ರೇಡಿಯೇಷನ್ ಭೇದಿಯಲ್ಲಿ ಅದಕ್ಕೆ ಕೆಲಸ ಕಡಿಮೆ ಅನ್ನೋದನ್ನು ನಾನೂ ಒಪ್ತೀನಿ. ಕೊಡಲೇಬೇಕು ಅಂದರೆ ಅರಿಷ್ಟದ ರೂಪ ಬೇಡ. ಬೆಲ್ಲ ಹಾಕಿ ಹುದುಗಿಸಿದ್ದು, ತಾನಾಗಿ ಹುಟ್ಟಿದ ಮದ್ಯಸಾರ ಸುಮಾರು ಶೇಕಡಾ 5ರಿಂದ 10 ಇರುತ್ತೆ. ಸವೆದ ಕರುಳಿಗೆ ಅದೂ ಉರಿ, ಸಕ್ಕರೆ ಕಾಯಿಲೆ ಇದ್ದರೆ ಬೆಲ್ಲವೂ ತೊಂದರೆ. ಇದರ ನಡುವೆ ಯಾರೋ ಮೆಟ್ರೋನಿಡಜೋಲ್ ಬರೆದುಕೊಟ್ಟರೆ ಮದ್ಯಸಾರದ ಜೊತೆ ಸೇರಿ ವಾಂತಿ, ಮುಖ ಕೆಂಪಾಗೋದು ಆಗಬಹುದು. ಇನ್ನು ಬಿಡಿ ತೊಗಟೆ ತಂದು ಕುದಿಸುವವರಿಗೆ: ಕೊಡಸಿಗೆಗೆ ಹೋಲುವ ರೈಟಿಯಾ ಜಾತಿಯ ತೊಗಟೆ ಬೆರೆಯೋದು ಅಂಗಡಿಗಳಲ್ಲಿ ಮಾಮೂಲು.

ನಿಜಕ್ಕೂ ಹೆದರಬೇಕಾದದ್ದು ರಸೌಷಧಿಗಳಿಗೆ. ಕರ್ಪೂರ ರಸದಂಥವುಗಳಲ್ಲಿ ಹಿಂಗುಲ, ಅಂದರೆ ಪಾದರಸದ ಸಂಯುಕ್ತ, ಜೊತೆಗೆ ಅಫೀಮು ಶಾಸ್ತ್ರದ ಸೂತ್ರದಲ್ಲೇ ಇದೆ. ಭೇದಿ ಥಟ್ಟನೆ ನಿಲ್ಲೋದು ಅಫೀಮಿನಿಂದ. ಸಿಸ್‌ಪ್ಲಾಟಿನ್ ಮೊದಲೇ ಮೂತ್ರಪಿಂಡಕ್ಕೆ ಹೊಡೆಯುವ ಮದ್ದು, ಭೇದಿಯಿಂದ ನೀರೂ ಬತ್ತಿದೆ, ಅದರ ಮೇಲೆ ಲೋಹ ಬೇಡ. ಹೆಸರಿಲ್ಲದ, ಪೊಟ್ಟಣದಲ್ಲಿ ಕಟ್ಟಿಕೊಟ್ಟ "ವಿಶೇಷ ಪುಡಿ" ಕೂಡ ಇದೇ ಕಾರಣಕ್ಕೆ ಬೇಡ.

ಕಡೆಯದಾಗಿ ಬಸ್ತಿ, ಅಂದರೆ ಗುದದ್ವಾರದಿಂದ ಮದ್ದು ಏರಿಸೋದು. ಮಲದಲ್ಲಿ ರಕ್ತ, ಲೋಳೆ ಬಂದಾಗ ಪಿಚ್ಛಾಬಸ್ತಿ ಶಾಸ್ತ್ರದಲ್ಲಿದೆ, ಹಾಗಾಗಿ ಮನೆಯವರು ಕೇಳ್ತಾರೆ. ರೇಡಿಯೇಷನ್ ನಡೆಯುವಾಗ, ರಕ್ತಕಣ ಕುಸಿದಿರುವಾಗ, ಬ್ರೇಕಿಥೆರಪಿಯ ಹಿಂದೆಮುಂದೆ ಗುದದ್ವಾರದಲ್ಲಿ ಯಾವ ನಳಿಕೆಯನ್ನೂ ಹಾಕಬಾರದು. ತೆಳುವಾದ ಪದರ ಹರಿದರೆ ಸೋಂಕು ನೇರ ರಕ್ತಕ್ಕೆ ಹೋಗುತ್ತೆ. ಬಸ್ತಿ ಮಾಡುವ ನಮ್ಮವರಿಗೂ ಇದನ್ನು ಹೇಳಬೇಕಾಗಿದೆ, ಅದು ಬೇಸರದ ಸಂಗತಿ.


ಮದ್ದಿನಂಗಡಿ (ಫಾರ್ಮಸಿಸ್ಟ್) ಉತ್ತರ:

ಮದ್ದಿನ ಚೀಲ ಪೂರ್ತಿ ಮೇಜಿನ ಮೇಲೆ ಸುರಿಸಿ ನೋಡಿ ಮೇಡಂ. ಭೇದಿ ಹೆಚ್ಚಿಸುವ ಮದ್ದು ಆ ಚೀಲದಲ್ಲೇ ಇರೋದು ಅಪರೂಪವಲ್ಲ. ಎದೆಯುರಿಗೆ ಅಂತ ಕುಡಿಯುವ ಮೆಗ್ನೀಷಿಯಂ ಇರುವ ಆ್ಯಂಟಾಸಿಡ್ ಸಿರಪ್ ಮಲ ಸಡಿಲ ಮಾಡುತ್ತೆ. ವಾಂತಿಗೆ ಕೊಟ್ಟ ಮೆಟೊಕ್ಲೊಪ್ರಮೈಡ್ ಕರುಳನ್ನು ಓಡಿಸುತ್ತೆ. ಸ್ಕ್ಯಾನ್ ಮಾಡಿ ಗುರುತು ಹಾಕುವ ಮುಂಚೆ ಗುದನಾಳ ಖಾಲಿ ಇರಲಿ ಅಂತ ಕೊಟ್ಟ ಭೇದಿ ಸಿರಪ್ಪನ್ನು ಇನ್ನೂ ಮುಂದುವರಿಸ್ತಿರಬಹುದು. ಸಿಸ್‌ಪ್ಲಾಟಿನ್‌ನಿಂದ ಮೆಗ್ನೀಷಿಯಂ ಇಳಿದಿದೆ ಅಂತ ಅದರ ಮಾತ್ರೆ ಶುರುವಾಗಿದ್ದರೆ ಅದೂ ಭೇದಿ ತರುತ್ತೆ, ಆದರೆ ಅದನ್ನು ನೀವಾಗಿ ನಿಲ್ಲಿಸಬೇಡಿ, ಆಸ್ಪತ್ರೆಗೆ ಫೋನ್ ಮಾಡಿ ಕೇಳಿ.

ಕೌಂಟರ್‌ನಲ್ಲಿ "ಲೂಸ್ ಮೋಷನ್" ಅಂದ ಕೂಡಲೇ ಓಫ್ಲಾಕ್ಸಾಸಿನ್-ಆರ್ನಿಡಜೋಲ್ ಜೋಡಿ ಮಾತ್ರೆ ಕೈಗೆ ಬರುತ್ತೆ. ಈ ಭೇದಿಗೆ ಅದು ಬೇಡ. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ, ಆಮೇಲೆ ಕ್ಲಾಸ್ಟ್ರಿಡಿಯಂ ಡಿಫಿಸೈಲ್ ಎಂಬ ಕೆಟ್ಟ ಬ್ಯಾಕ್ಟೀರಿಯಾದ ಭೇದಿ ಬಂದರೆ ಇನ್ನೊಂದು ಕಥೆ. ಅಲ್ಲದೆ ಓಫ್ಲಾಕ್ಸಾಸಿನ್, ವಾಂತಿಗೆ ಕೊಡುವ ಆಂಡಾನ್‌ಸೆಟ್ರಾನ್, ಹೆಚ್ಚಿನ ಪ್ರಮಾಣದ ಲೋಪರಮೈಡ್ ಮೂರೂ ಹೃದಯದ ಬಡಿತದ ಲಯದ ಮೇಲೆ ಕೈ ಹಾಕುವಂಥವು. ಭೇದಿಯಿಂದ ಪೊಟ್ಯಾಸಿಯಂ, ಮೆಗ್ನೀಷಿಯಂ ಇಳಿದವರಲ್ಲಿ ಆ ಅಪಾಯ ಹೆಚ್ಚು.

ವೈದ್ಯಶಾಲೆಯವರು ಬಿಟ್ಟ ಒಂದು ವಿಷಯ: ತ್ರಿಕಟು, ಹಿಪ್ಪಲಿ, ಕಾಳುಮೆಣಸು ಗಟ್ಟಿಯಾಗಿ ಇರುವ ಚೂರ್ಣಗಳು. ಅದರ ಪೈಪರಿನ್ ಕೆಲವು ಮದ್ದುಗಳನ್ನು ಕರುಳಿನಿಂದ ಹೆಚ್ಚು ಒಳಗೆ ಬಿಡುತ್ತೆ, ಲೋಪರಮೈಡ್ ಹೋಗುವ ದಾರಿಯೂ ಅದೇ. ಸಾರಿಗೆ ಹಾಕುವ ಮೆಣಸಿಗೆ ಹೆದರಬೇಕಿಲ್ಲ, ಚಮಚಗಟ್ಟಲೆ ಚೂರ್ಣದ ಜೊತೆ ದಿನಕ್ಕೆ ಎಂಟು ಮಾತ್ರೆ ಬೇಡ ಅಷ್ಟೇ. "ರೋಗನಿರೋಧಕ ಶಕ್ತಿಗೆ" ಅಂತ ಅಮೃತಬಳ್ಳಿ ಕುಡೀತಿದ್ದರೆ ಅದನ್ನೂ ನಿಲ್ಲಿಸಿ. ಕೋವಿಡ್ ಕಾಲದಲ್ಲಿ ಅದರಿಂದ ಯಕೃತ್ತು ಕೆಟ್ಟ ಪ್ರಕರಣಗಳನ್ನು ನಮ್ಮ ದೇಶದ ಯಕೃತ್ ತಜ್ಞರೇ ವರದಿ ಮಾಡಿದ್ದಾರೆ.

ಓಆರ್‌ಎಸ್ ಕಲಸೋದರಲ್ಲಿ ತಪ್ಪು ಬಹಳ. ದೊಡ್ಡ ಪೊಟ್ಟಣ ಒಂದು ಲೀಟರಿಗೆ, ಚಿಕ್ಕದು 200 ಮಿಲಿಗೆ. ದೊಡ್ಡದನ್ನು ಒಂದೇ ಲೋಟಕ್ಕೆ ಸುರಿದರೆ ಉಪ್ಪು ಸಕ್ಕರೆ ಗಟ್ಟಿಯಾಗಿ ಕರುಳಿಗೆ ನೀರು ಎಳೆದು ಭೇದಿ ಇನ್ನೂ ಹೆಚ್ಚುತ್ತೆ. ಡಬ್ಬದಲ್ಲಿ ಸಿಗುವ ಬಣ್ಣದ ಸಿಹಿ ಪಾನೀಯ ಬೇಡ. ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಅಂತ ಇರಬೇಕು, ಲೀಟರಿಗೆ ಸೋಡಿಯಂ 75 ಮಿಲಿಮೋಲ್, ಗ್ಲೂಕೋಸ್ 75 ಮಿಲಿಮೋಲ್, ಒಟ್ಟು ಸಾಂದ್ರತೆ 245 ಮಿಲಿಆಸ್ಮೋಲ್. ಪೊಟ್ಟಣ ಸಿಗದ ಹೊತ್ತಿಗೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಕಲಸಿದ್ದು 24 ಗಂಟೆ ಮೀರಿದರೆ ಚೆಲ್ಲಿ. ಪ್ರತಿ ಸಲ ನೀರಾಗಿ ಹೋದ ಮೇಲೆ ಒಂದರಿಂದ ಎರಡು ಲೋಟ, ಗುಟುಕು ಗುಟುಕಾಗಿ.


ಗಂಜಿ_ತಟ್ಟೆ (ಆಹಾರ ತಜ್ಞೆ) ಉತ್ತರ:

ಎಳನೀರು ಕುಡಿಸ್ತಿದ್ದೀವಿ, ಓಆರ್‌ಎಸ್ ಯಾಕೆ ಅಂತ ಮುಂದಿನ ಪ್ರಶ್ನೆ ಬರುತ್ತೆ, ಮೊದಲೇ ಹೇಳಿಬಿಡ್ತೀನಿ. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ಭೇದಿಯಲ್ಲಿ ಮುಖ್ಯವಾಗಿ ಸೋರೋದು ಸೋಡಿಯಂ. ಕುಡಿಯಲಿ, ಆದರೆ ಓಆರ್‌ಎಸ್ ಬದಲಿಗೆ ಅಲ್ಲ. ಮೂತ್ರಪಿಂಡ ಕುಗ್ಗಿದೆ ಅಂತ ರಕ್ತಪರೀಕ್ಷೆ ಹೇಳಿದರೆ ಎಳನೀರು ನಿಲ್ಲಿಸಿ.

ಹಾಲು, ಹಾಲಿನ ಕಾಫಿ, ಪಾಯಸ ನಾಲ್ಕು ದಿನ ಬಿಟ್ಟು ನೋಡಿ. ಅಷ್ಟಕ್ಕೇ ಭೇದಿ ಅರ್ಧ ಇಳಿಯುವವರಿದ್ದಾರೆ, ಇಳಿಯದಿದ್ದರೆ ಹಾಲನ್ನು ದೂರಬೇಡಿ, ವಾಪಸ್ ಕೊಡಿ. ಚೆನ್ನಾಗಿ ಹೆಪ್ಪಾದ ಮೊಸರಿನ ನೀರು ಮಜ್ಜಿಗೆ ಬಹಳ ಜನರಿಗೆ ಒಗ್ಗುತ್ತೆ, ಹಾಲು ಕಾಯಿಸಿ ಮನೆಯಲ್ಲೇ ಹೆಪ್ಪು ಹಾಕಿದ್ದಾಗಿರಲಿ. ಬಿಳಿ ರಕ್ತಕಣ ಕುಸಿದ ದಿನಗಳಲ್ಲಿ ಬೀದಿ ಬದಿಯ ಮಜ್ಜಿಗೆ, ಕತ್ತರಿಸಿಟ್ಟ ಹಣ್ಣು ಬೇಡ.

ನಾರಿನ ವಿಷಯದಲ್ಲಿ ಹಳೆಯ ಪಾಠ ಬದಲಾಗಿದೆ. ಮೊದಲು ಎಲ್ಲರಿಗೂ ನಾರು ಬಿಡಿಸ್ತಿದ್ದರು. ಲಂಡನ್ನಿನ ರಾಯಲ್ ಮಾರ್ಸ್‌ಡನ್ ಆಸ್ಪತ್ರೆಯವರು 2017ರಲ್ಲಿ ಪ್ರಕಟಿಸಿದ 166 ರೋಗಿಗಳ ಪ್ರಯೋಗದಲ್ಲಿ, ರೇಡಿಯೇಷನ್ ಉದ್ದಕ್ಕೂ ನಾರು ಹೆಚ್ಚು ತಿಂದವರ ಕರುಳು ಮಾಮೂಲು ಊಟದವರಿಗಿಂತ ಚೆನ್ನಾಗಿತ್ತು. ಸುಮ್ಮನೆ ಬಿಳಿ ಅನ್ನ, ಬ್ರೆಡ್ಡಿಗೆ ಇಳಿಸುವ ಅಗತ್ಯವಿಲ್ಲ. ಆದರೆ ಆರು ಸಲ ಹೋಗ್ತಿರುವ ದಿನಗಳಲ್ಲಿ ನೀರಿನಲ್ಲಿ ಕರಗುವ ನಾರನ್ನೇ ಆರಿಸಿ: ಬೇಯಿಸಿದ ಬಾಳೆಕಾಯಿ, ಸಿಪ್ಪೆ ತೆಗೆದು ಬೇಯಿಸಿದ ಕ್ಯಾರೆಟ್, ಸೇಬು, ಸೋಸಿದ ರಾಗಿ ಅಂಬಲಿ, ಹೆಸರುಬೇಳೆ ಕಟ್ಟು, ಮೆತ್ತಗಿನ ಅನ್ನ. ಇಡೀ ರಾಗಿಯ ಮುದ್ದೆ, ನುಗ್ಗೆಸೊಪ್ಪು, ಹುರುಳಿ, ಕಡಲೆ, ಹಸಿ ಈರುಳ್ಳಿ, ಖಾರದ ಉಪ್ಪಿನಕಾಯಿ ಆ ವಾರ ಬಿಟ್ಟು, ಭೇದಿ ಇಳಿದ ಮೇಲೆ ಒಂದೊಂದಾಗಿ ವಾಪಸ್ ತನ್ನಿ. ಎಣ್ಣೆ ತುಪ್ಪ ಕಡಿಮೆ. ತೂಕ ವಾರಕ್ಕೊಮ್ಮೆ ನೋಡಿ. ಮೊಟ್ಟೆ ತಿನ್ನುವವರಾದರೆ ದಿನಕ್ಕೆರಡು ಬೇಯಿಸಿದ ಮೊಟ್ಟೆ, ಇಲ್ಲದಿದ್ದರೆ ಬೇಳೆ ಕಟ್ಟು ಎರಡು ಹೊತ್ತಿನ ಬದಲು ನಾಲ್ಕು ಹೊತ್ತು. ಭೇದಿ ಅಂತ ಊಟ ಬಿಡಿಸೋದು ಇದರಲ್ಲಿ ಎಲ್ಲಕ್ಕಿಂತ ಕೆಟ್ಟ ಮದ್ದು.

ಮೆಂತ್ಯ, ಜೀರಿಗೆ ನೀರು, ಜಾಯಿಕಾಯಿ ತೇಯ್ದದ್ದು ಅಡುಗೆಮನೆಯ ಪ್ರಮಾಣದಲ್ಲಿದ್ದರೆ ಮನೆಯವರ ಸಮಾಧಾನಕ್ಕೆ ಇರಲಿ. ಜಾಯಿಕಾಯಿ ಮಾತ್ರ ಚಿಟಿಕೆ ದಾಟದಿರಲಿ, ಹೆಚ್ಚಾದರೆ ಅಮಲು ಬರುತ್ತೆ.


ಉಪಕೇಂದ್ರ_ತುಮಕೂರು ಮತ್ತೆ:

ಎಲ್ಲರಿಗೂ ಥ್ಯಾಂಕ್ಸ್. ತ್ರಿಫಲಾ ನಿಲ್ಲಿಸಿದ್ದಾರೆ. ಕಾಯಿ ಪುಡಿಯೋ ಹಣ್ಣಿನ ಪುಡಿಯೋ ಡಬ್ಬದ ಮೇಲೆ ಬರೆದಿಲ್ಲ, ಹಾಗಾಗಿ ಅದನ್ನೂ ಬದಿಗಿಡಿ ಅಂದೆ. ಇನ್ನೆರಡು ಪ್ರಶ್ನೆ. ಇಸಬ್ಗೋಲ್ ಮಲಬದ್ಧತೆಗೆ ಕೊಡೋದಲ್ವಾ, ಭೇದಿಗೆ ಕೊಡಿ ಅಂತ ಒಬ್ಬ ನರ್ಸ್ ಹೇಳಿದ್ರು. ಮತ್ತೆ, ಅಂಗಡಿಯಲ್ಲಿ ಸಿಗುವ ಪ್ರೋಬಯಾಟಿಕ್ ಸ್ಯಾಶೆ? ಎಲ್ಲೂ ಗಿಡಮೂಲಿಕೆಗೂ ಮಾತ್ರೆಗೂ ನೇರ ಹೋಲಿಕೆ ಮಾಡಿದ್ದಾರಾ ಅಂತಲೂ ಮನೆಯವರ ಹುಡುಗ ಕೇಳ್ತಾನೆ, ಅವನು ಇಂಟರ್ನೆಟ್ ಓದುವವನು.


ಕಿರಣಶಾಲೆ ಉತ್ತರ:

ನರ್ಸ್ ಹೇಳಿದ್ದು ಸರಿ. ಇಸಬ್ಗೋಲ್ ನೀರು ಹಿಡಿದು ಉಬ್ಬುವ ವಸ್ತು. ಗಟ್ಟಿ ಮಲ ಇದ್ದವರಿಗೆ ಅದನ್ನು ಮೆತ್ತಗೆ ಮಾಡುತ್ತೆ, ನೀರು ಮಲ ಇದ್ದವರಿಗೆ ಅದೇ ನೀರನ್ನು ಹಿಡಿದಿಡುತ್ತೆ. ಬದಲಾಗೋದು ಜೊತೆಗೆ ಕುಡಿಯುವ ನೀರು. ಭೇದಿಗೆ ಒಂದು ಟೀ ಚಮಚ ಹೊಟ್ಟನ್ನು ಅರ್ಧ ಲೋಟ ಮಜ್ಜಿಗೆ ಅಥವಾ ನೀರಿಗೆ ಹಾಕಿ ತಿರುವಿದ ಕೂಡಲೇ ಕುಡಿಯಬೇಕು, ದಿನಕ್ಕೆರಡು ಸಲ, ಬೇರೆ ಮದ್ದಿನಿಂದ ಎರಡು ಗಂಟೆ ಬಿಟ್ಟು. ಒಣಗಿದ್ದನ್ನು ಬಾಯಿಗೆ ಹಾಕಿಕೊಂಡರೆ ಗಂಟಲಿಗೆ ಅಂಟುತ್ತೆ. ಗೆಡ್ಡೆಯಿಂದ ಕರುಳು ಕಿರಿದಾಗಿರುವವರಿಗೆ ಕೊಡಬಾರದು, ಅಲ್ಲೇ ಉಬ್ಬಿ ಸಿಕ್ಕಿಕೊಳ್ಳಬಹುದು. ಕೆನಡಾದ ಕ್ಯಾನ್ಸರ್ ನರ್ಸಿಂಗ್ ಪತ್ರಿಕೆಯಲ್ಲಿ 2000ದಲ್ಲಿ ಬಂದ 60 ರೋಗಿಗಳ ಪ್ರಯೋಗದಲ್ಲಿ ಇಸಬ್ಗೋಲ್ ತಗೊಂಡವರಿಗೆ ಭೇದಿ ಕಡಿಮೆಯಿತ್ತು. ಚಿಕ್ಕ ಪ್ರಯೋಗ, ಆದರೆ ಗಿಡಮೂಲಿಕೆ ಅಂತ ಕರೆಯಬಹುದಾದವುಗಳಲ್ಲಿ ನಾನು ಮನಸಾರೆ ಬರೆದುಕೊಡುವುದು ಇದೊಂದನ್ನೇ. ಮನೆಯವರಿಗೂ ಇದು ಗಿಡದ್ದೇ ಅಂತ ಹೇಳಿ, ಮಾತು ಅಲ್ಲಿಗೆ ಮುಗಿಯುತ್ತೆ.

ಪ್ರೋಬಯಾಟಿಕ್‌ನಲ್ಲಿ ಯಾವ ತಳಿ ಅನ್ನೋದರ ಮೇಲೆ ಎಲ್ಲ ನಿಂತಿದೆ. ಇಟಲಿಯಲ್ಲಿ 490 ರೋಗಿಗಳ ಮೇಲೆ ಹಲವು ತಳಿ ಸೇರಿದ ಪುಡಿಯನ್ನು ರೇಡಿಯೇಷನ್ ಮೊದಲ ದಿನದಿಂದ ದಿನಕ್ಕೆ ಮೂರು ಸಲ ಕೊಟ್ಟರು. 2007ರಲ್ಲಿ ಬಂದ ಫಲಿತಾಂಶದಲ್ಲಿ ಭೇದಿ ಕೊಟ್ಟವರಲ್ಲಿ ಶೇಕಡಾ 31.6, ಕೊಡದವರಲ್ಲಿ ಶೇಕಡಾ 51.8. ಎಂಎಎಸ್‌ಸಿಸಿ ಎಂಬ ಅಂತರರಾಷ್ಟ್ರೀಯ ಸಂಘದ 2014ರ ಮಾರ್ಗಸೂಚಿ ಲ್ಯಾಕ್ಟೋಬ್ಯಾಸಿಲಸ್ ಇರುವ ಪ್ರೋಬಯಾಟಿಕ್ಕನ್ನು ತಡೆಗಟ್ಟಲು ಸೂಚಿಸುತ್ತೆ. ಗಮನಿಸಿ, ತಡೆಗಟ್ಟಲು. ಆರು ಸಲ ಹೋಗ್ತಿರುವಾಗ ಶುರು ಮಾಡಿದರೆ ಅದೇ ಫಲ ಸಿಗುತ್ತೆ ಅಂತ ಅರ್ಥ ಅಲ್ಲ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಬ್ಯಾಸಿಲಸ್ ಕ್ಲಾಸಿಯೈ ಪುಟ್ಟ ಬಾಟಲಿ ಆ ತಳಿ ಅಲ್ಲ. ಯೀಸ್ಟ್ ಇರುವ ಪುಡಿಗಳನ್ನು ಕತ್ತಿನ ರಕ್ತನಾಳದಲ್ಲಿ ನಳಿಕೆ ಇರುವವರಿಗೆ, ಬಿಳಿ ರಕ್ತಕಣ ಕುಸಿದವರಿಗೆ ಕೊಡಬಾರದು, ಆ ಯೀಸ್ಟೇ ರಕ್ತಕ್ಕೆ ಇಳಿದ ಉದಾಹರಣೆಗಳಿವೆ.

ಹುಡುಗನ ಪ್ರಶ್ನೆ ಒಳ್ಳೆಯದು. ಇಂಗ್ಲಿಷ್ ಮದ್ದು ಅಂದ ಮಾತ್ರಕ್ಕೆ ಎಲ್ಲವೂ ಗೆದ್ದಿಲ್ಲ ಅಂತ ಅವನಿಗೆ ಹೇಳಿ. ಹೊಟ್ಟೆಹುಣ್ಣಿಗೆ ಕೊಡುವ ಸುಕ್ರಾಲ್ಫೇಟ್ ಬಾಯಿಯಲ್ಲಿ ಕೊಟ್ಟರೆ ಭೇದಿ ತಡೆಯುತ್ತೆ ಅಂದುಕೊಂಡಿದ್ದರು, ಪ್ರಯೋಗದಲ್ಲಿ ಲಾಭವಿಲ್ಲ, ರಕ್ತಸ್ರಾವ ಹೆಚ್ಚಾಯ್ತು, ಈಗ ಅದು ಬೇಡ ಅನ್ನೋದೇ ಶಿಫಾರಸು. ಕರುಳಿನ ಉರಿಯೂತಕ್ಕೆ ಕೊಡುವ ಮೆಸಾಲಜೀನ್ ಕೂಡ ಬೇಡ. ಅದೇ ಗುಂಪಿನ ಸಲ್ಫಾಸಲಜೀನ್ 500 ಮಿಲಿಗ್ರಾಂ ದಿನಕ್ಕೆರಡು ಸಲ ಅಂತ 2014ರ ಅದೇ ಮಾರ್ಗಸೂಚಿ ಹೇಳಿತು, ಆದರೆ 2016ರಲ್ಲಿ ಬಂದ ಅಮೆರಿಕದ ಪ್ರಯೋಗದಲ್ಲಿ 1000 ಮಿಲಿಗ್ರಾಂ ಎರಡು ಸಲ ಕೊಟ್ಟರೂ ಉಪಯೋಗ ಕಾಣಲಿಲ್ಲ. ಆಕ್ಟ್ರಿಯೋಟೈಡ್ ಮುಂಗಡವಾಗಿ ಕೊಟ್ಟರೆ ತಡೆಯಲ್ಲ, ಆದರೆ ಲೋಪರಮೈಡ್‌ಗೆ ಬಗ್ಗದ ಮೂರನೇ ದರ್ಜೆಯಲ್ಲಿ 100ರಿಂದ 150 ಮೈಕ್ರೋಗ್ರಾಂ ಚರ್ಮದಡಿ ದಿನಕ್ಕೆ ಮೂರು ಸಲ ಆಸ್ಪತ್ರೆಯಲ್ಲಿ ಕೊಡ್ತೀವಿ. ಪಿತ್ತದ ಆಮ್ಲದ ಭೇದಿ ಅಂತ ಅನುಮಾನ ಬಂದರೆ ಕೊಲೆಸ್ಟೈರಮೈನ್ 4 ಗ್ರಾಂ ಪುಡಿ. ಅದು ಬೇರೆ ಮದ್ದನ್ನೂ ಹಿಡಿದುಕೊಳ್ಳುತ್ತೆ, ಹಾಗಾಗಿ ಉಳಿದ ಮಾತ್ರೆ ಅದಕ್ಕೆ ಒಂದು ಗಂಟೆ ಮುಂಚೆ ಅಥವಾ ನಾಲ್ಕು ಗಂಟೆ ನಂತರ.

ಬಿಲ್ವದ ಬಗ್ಗೆ ಅವನು ಓದಿರೋದು ಬಹುಶಃ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ 2000ದ ದಶಕದಲ್ಲಿ ಇಲಿಗಳ ಮೇಲೆ ಮಾಡಿದ ಕೆಲಸ. ಅದು ಒಳ್ಳೆಯ ಕೆಲಸವೇ. ಆದರೆ ಅಲ್ಲಿ ಸಾರವನ್ನು ವಿಕಿರಣಕ್ಕೆ ಮುಂಚೆ ಕೊಟ್ಟು ಇಲಿ ಬದುಕುತ್ತಾ ಅಂತ ನೋಡಿದ್ದು. ಭೇದಿ ಶುರುವಾದ ಮೇಲೆ ಮನುಷ್ಯರಿಗೆ ಪುಡಿ ಕೊಡೋದು ಬೇರೆ ಪ್ರಶ್ನೆ. ಕರುಳನ್ನು ವಿಕಿರಣದಿಂದ ಕಾಯುವ ವಸ್ತು ಗೆಡ್ಡೆಯನ್ನೂ ಕಾಯುತ್ತಾ ಅನ್ನೋ ಪ್ರಶ್ನೆಗೂ ಗೆಡ್ಡೆ ಇಲ್ಲದ ಇಲಿ ಉತ್ತರ ಕೊಡಲ್ಲ. ಲೋಳೆಸರದ ಮುಲಾಮನ್ನು ಗುದನಾಳದ ಉರಿಗೆ ಹಚ್ಚಿ ಇರಾನಿನಲ್ಲಿ 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಗುಣ ಕಂಡಿದೆ, ಆದರೆ ಇದ್ದದ್ದು 20 ರೋಗಿಗಳು. ಅದೂ ತಯಾರಿಸಿದ ಮುಲಾಮು, ಹಿತ್ತಲಿನ ಎಲೆ ಅಲ್ಲ.

ನಿಜವಾದ ದೊಡ್ಡ ವ್ಯತ್ಯಾಸ ಬಂದಿರೋದು ಮದ್ದಿನಿಂದಲ್ಲ, ಯಂತ್ರದಿಂದ. ಮುಂಬೈನ ಟಾಟಾ ಮೆಮೋರಿಯಲ್‌ನಲ್ಲಿ ಗರ್ಭಕಂಠದ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಆದ 300 ಮಹಿಳೆಯರ ಮೇಲೆ ನಡೆದ ಪಾರ್ಸರ್ ಪ್ರಯೋಗದಲ್ಲಿ, ಪ್ರತಿದಿನ ಚಿತ್ರ ನೋಡಿ ಕೊಡುವ ಐಎಂಆರ್‌ಟಿಯಿಂದ (ಕಿರಣವನ್ನು ಬೇಕಾದ ಆಕಾರಕ್ಕೆ ಹೊಂದಿಸಿ ಕೊಡುವ ವಿಧಾನ) ಮೂರು ವರ್ಷದಲ್ಲಿ ಕರುಳಿನ ತಡವಾದ ತೊಂದರೆ ಶೇಕಡಾ 42.4ರಿಂದ 21.1ಕ್ಕೆ ಇಳಿಯಿತು. ಇದರಲ್ಲಿ ರೋಗಿಯ ಪಾಲೂ ಇದೆ. ಮೂತ್ರಕೋಶ ತುಂಬಿದ್ದರೆ ಅದು ಸಣ್ಣ ಕರುಳನ್ನು ಮೇಲಕ್ಕೆ, ಕಿರಣದ ದಾರಿಯಿಂದ ಆಚೆಗೆ ಒತ್ತುತ್ತೆ. ಭೇದಿಗೆ ಹೆದರಿ ನೀರು ಕುಡಿಯೋದು ಬಿಟ್ಟವರ ಮೂತ್ರಕೋಶ ತುಂಬಲ್ಲ, ಕರುಳು ಕೆಳಗೆ ಇಳಿದು ಇನ್ನಷ್ಟು ಕಿರಣ ತಿನ್ನುತ್ತೆ, ಭೇದಿ ಇನ್ನೂ ಹೆಚ್ಚುತ್ತೆ. ಬಸ್ಸಿನಲ್ಲಿ ಬರುವಾಗ ನೀರು ಬಿಡುವವರೇ ಹೆಚ್ಚು. ಹೊರಡುವ ಅರ್ಧ ಗಂಟೆ ಮುಂಚೆ ಒಂದು ಲೋಪರಮೈಡ್ ತಗೊಂಡು, ಆಸ್ಪತ್ರೆ ತಲುಪಿದ ಮೇಲೆ ಅವರು ಹೇಳಿದಷ್ಟು ನೀರು ಹೇಳಿದ ಹೊತ್ತಿಗೆ ಕುಡಿಯಲಿ.


ವೈದ್ಯಶಾಲೆ_ಶಿವಮೊಗ್ಗ ಉತ್ತರ:

ಒಂದು ಕಡೆ ಮಾತ್ರ ಭಿನ್ನಾಭಿಪ್ರಾಯ, ಡಾಕ್ಟ್ರೇ. ಪ್ರಯೋಗ ಚಿಕ್ಕದು ಅನ್ನೋದು ಮದ್ದು ಸೋತಿದೆ ಅನ್ನೋದಕ್ಕೆ ಸಮವಲ್ಲ. ಒಂದನೇ ದರ್ಜೆಯಲ್ಲಿ, ಒಳ್ಳೆಯ ಬಿಲ್ವಕಾಯಿ ಪುಡಿಯನ್ನು ಆಸ್ಪತ್ರೆಗೆ ತಿಳಿಸಿ ಕೊಡೋದನ್ನು ನಾನು ತಪ್ಪು ಅನ್ನಲ್ಲ. ಎರಡನೇ ದರ್ಜೆಯಿಂದ ಮೇಲೆ ಲೋಪರಮೈಡ್ ಬಿಟ್ಟು ಪುಡಿ ನಂಬೋದು ತಪ್ಪು, ಅದರಲ್ಲಿ ನನಗೆ ಎರಡು ಮಾತಿಲ್ಲ. ಏನೇ ತಗೊಂಡರೂ ರೇಡಿಯೇಷನ್ ಫೈಲಿನಲ್ಲಿ ಬರೆಸಿ. ಬೈತಾರೆ ಅಂತ ಮುಚ್ಚಿಟ್ಟು, ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಏರಿದಾಗ ಕಾರಣ ಗೊತ್ತಾಗದೆ ಸಿಸ್‌ಪ್ಲಾಟಿನ್ ನಿಲ್ಲಿಸೋದು ರೋಗಿಗೇ ನಷ್ಟ.


ಕಿರಣಶಾಲೆ ಉತ್ತರ:

ಒಪ್ಪಿದೆ, ಒಂದನೇ ದರ್ಜೆಗೆ ಅಷ್ಟು ಜಗಳ ಬೇಡ.

ಮೇಡಂ, ಎರಡು ಚಿಕ್ಕ ವಿಷಯ ಉಳಿದಿವೆ. ಗುದದ್ವಾರದ ಸುತ್ತ ಚರ್ಮ ಹಸಿಯಾಗಿದ್ದರೆ ಕಾಗದದಿಂದ ಒರೆಸದೆ ಉಗುರುಬೆಚ್ಚಗಿನ ನೀರಿನ ಟಬ್ಬಿನಲ್ಲಿ ಹತ್ತು ನಿಮಿಷ ಕೂರಿಸಿ, ಮೆತ್ತಗೆ ಒತ್ತಿ ಒರೆಸಿ, ಜಿಂಕ್ ಆಕ್ಸೈಡ್ ಮುಲಾಮು ತೆಳುವಾಗಿ ಹಚ್ಚಲಿ. ಇದು ರಾತ್ರಿಗೆ. ಸಿಟ್ಟಿಂಗ್‌ಗೆ ಬರುವಾಗ ದಪ್ಪ ಲೇಪ ಇರಬಾರದು, ಚರ್ಮದ ಮೇಲೆ ಬೀಳುವ ಕಿರಣದ ಪ್ರಮಾಣ ಅದರಿಂದ ಹೆಚ್ಚುತ್ತೆ.

ಇನ್ನೊಂದು, ಚಿಕಿತ್ಸೆ ಮುಗಿದ ಮೇಲಿನದು. ಮೂರು ತಿಂಗಳಾದರೂ ಭೇದಿ ನಿಲ್ಲದಿದ್ದರೆ, ಅಥವಾ ಆರು ತಿಂಗಳು, ಒಂದು ವರ್ಷ ಬಿಟ್ಟು ಮಲದಲ್ಲಿ ರಕ್ತ ಕಾಣಿಸಿದರೆ ಅದು ಈಗಿನ ಭೇದಿಯ ಮುಂದುವರಿಕೆ ಅಲ್ಲ, ಬೇರೆ ಕಾಯಿಲೆ. ಮೂಲವ್ಯಾಧಿ ಅಂತ ಊರಲ್ಲಿ ಸುಡಿಸೋದು, ಕಟ್ಟಿಸೋದು ಮಾಡಬಾರದು, ವಿಕಿರಣ ತಿಂದ ಗುದನಾಳದ ಗಾಯ ಸುಲಭವಾಗಿ ಮಾಯುವುದಿಲ್ಲ. ಅದಕ್ಕೆ ಸುಕ್ರಾಲ್ಫೇಟ್ ಎನಿಮಾ ಇದೆ, ಬಾಯಿಯಲ್ಲಿ ಸೋತ ಅದೇ ಮದ್ದು ಅಲ್ಲಿ ಕೆಲಸ ಮಾಡುತ್ತೆ. ಅದಕ್ಕೂ ನಿಲ್ಲದಿದ್ದರೆ ಎಂಡೋಸ್ಕೋಪಿಯಲ್ಲಿ ಆರ್ಗಾನ್ ಪ್ಲಾಸ್ಮಾ, ಅಂದರೆ ರಕ್ತ ಸೋರುವ ಜಾಗವನ್ನು ಆರ್ಗಾನ್ ಅನಿಲದ ಮೂಲಕ ವಿದ್ಯುತ್ ಹಾಯಿಸಿ ಮುಚ್ಚೋದು. ಬಯಾಪ್ಸಿ ತೆಗೆಯೋಣ ಅಂತ ಯಾರಾದರೂ ಅಂದರೆ, ಮೊದಲು ರೇಡಿಯೇಷನ್ ಕೊಟ್ಟ ಕಡೆ ಕೇಳಿಸಿ. ಗುದನಾಳದ ಮುಂಗೋಡೆಯಿಂದ ಚೂರು ತೆಗೆದ ಜಾಗ ಮುಂದೆ ಯೋನಿಗೆ ತೂತಾಗುವ ಸಾಧ್ಯತೆ ಇರುತ್ತೆ.